ಮರುಭೂಮಿ ನಗರಗಳ ನೀರಿನ ಕ್ರಮ ನಮ್ಮ 64 ಮನೆಗಳ ಅಪಾರ್ಟ್‌ಮೆಂಟಿಗೆ ಎಷ್ಟು ಹೊಂದುತ್ತದೆ?

ಸಮಿತಿ64:

ಲಾಸ್ ವೇಗಸ್‌ನಲ್ಲಿ ವರ್ಷಕ್ಕೆ ಸುಮಾರು 100 ಮಿ.ಮೀ. ಮಳೆ. ಜೈಸಲ್ಮೇರ್‌ನಲ್ಲಿ 200ಕ್ಕೂ ಕಡಿಮೆ. ಬೆಂಗಳೂರಿಗೆ 970ರ ಆಸುಪಾಸು ಬೀಳುತ್ತದೆ. ಆದರೂ ಫೆಬ್ರವರಿ ದಾಟುತ್ತಿದ್ದಂತೆ ಟ್ಯಾಂಕರ್ ದಾರಿ ಕಾಯುವ ಪಾಡು ನಮ್ಮದು. ಮರುಭೂಮಿಯ ಊರುಗಳು ಮಾಡುತ್ತಿರುವುದರಲ್ಲಿ ಒಂದು ಅಪಾರ್ಟ್‌ಮೆಂಟ್ ಮಟ್ಟದಲ್ಲಿ ಕೈಗೂಡುವುದು ಯಾವುದು?

ನಮ್ಮ ವಿವರ: ಸರ್ಜಾಪುರ ರಸ್ತೆ ಕಡೆ, 8 ಅಂತಸ್ತು, 64 ಮನೆ, ಹೆಚ್ಚುಕಡಿಮೆ 225 ಜನ. ಎರಡು ಬೋರ್‌ವೆಲ್, ಎರಡೂ 1,100 ಅಡಿ ದಾಟಿವೆ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಲೀಟರಿಗೆ 800 ಮಿ.ಗ್ರಾಂ ಸುತ್ತ. ಕಾವೇರಿ ಸಂಪರ್ಕ ಇನ್ನೂ ಬಂದಿಲ್ಲ. ಸಂಪು 1 ಲಕ್ಷ ಲೀಟರ್. ತಾರಸಿ 1,400 ಚದರ ಮೀಟರ್, ಹುಲ್ಲುಹಾಸು 600 ಚದರ ಮೀಟರ್. ಎಸ್‌ಟಿಪಿ (ಕೊಳಚೆ ನೀರಿನ ಶುದ್ಧೀಕರಣ ಘಟಕ) ಇದೆ, ಫ್ಲಶ್‌ಗೆ ಪ್ರತ್ಯೇಕ ಪೈಪ್ ಕೂಡ ಇದೆ. ಆದರೆ ವಾಸನೆ ಎಂಬ ದೂರಿನಿಂದಾಗಿ ಆ ಪೈಪಿನಲ್ಲೂ ಬೋರ್ ನೀರನ್ನೇ ಬಿಡುತ್ತಿದ್ದಾರೆ. ಸಂಸ್ಕರಿಸಿದ ನೀರು ಚರಂಡಿ ಪಾಲು.

ಮುಂದಿನ ಸಭೆಗೆ ನಾಲ್ಕು ಪ್ರಸ್ತಾವ ಬಂದಿವೆ. ಗಾಳಿಯಿಂದ ದಿನಕ್ಕೆ 1,000 ಲೀಟರ್ ನೀರು ತೆಗೆಯುವ ಯಂತ್ರ. ಜೈಸಲ್ಮೇರಿನ ಟಾಂಕಾ ಮಾದರಿಯಲ್ಲಿ 3 ಲಕ್ಷ ಲೀಟರಿನ ನೆಲದಡಿ ತೊಟ್ಟಿ. ಬೋರ್ ಪಕ್ಕ ಇಂಗುಬಾವಿ. ಹುಲ್ಲು ಕಿತ್ತು ಕಾಂಕ್ರೀಟ್ ಬ್ಲಾಕ್. ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು?

ಜಲಲೆಕ್ಕ:

ನಾಲ್ಕರಲ್ಲಿ ಮೂರು ಹೊಸ ನೀರು ತರುವ ಮಾತಾಡುತ್ತವೆ. ಮರುಭೂಮಿಯ ಊರುಗಳು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಬಳಸಿದ ನೀರು ಮತ್ತೆ ಕೈಗೆ ಸಿಗುತ್ತದೆಯೋ, ಆವಿಯಾಗಿ ಹೋಗಿಬಿಡುತ್ತದೆಯೋ?

ಲಾಸ್ ವೇಗಸ್ ಕುಡಿಯುವ ನೀರಿನಲ್ಲಿ ಶೇ. 90ರಷ್ಟು ಕೊಲೊರಾಡೊ ನದಿಯದು. ಇಡೀ ನೆವಾಡಾ ರಾಜ್ಯಕ್ಕೆ ಆ ನದಿಯಲ್ಲಿ ಸಿಕ್ಕಿರುವ ಪಾಲು ವರ್ಷಕ್ಕೆ 3 ಲಕ್ಷ ಎಕರೆ-ಅಡಿ, ಸುಮಾರು 37 ಕೋಟಿ ಕಿಲೋಲೀಟರ್. ಮನೆಯೊಳಗೆ ಬಳಸಿದ ನೀರು ಶುದ್ಧೀಕರಣವಾಗಿ ಲೇಕ್ ಮೀಡ್ ಜಲಾಶಯಕ್ಕೆ ವಾಪಸ್ ಹೋಗುತ್ತದೆ. ಎಷ್ಟು ವಾಪಸ್ ಕೊಟ್ಟರೋ ಅಷ್ಟನ್ನು ಪಾಲಿನ ಮೇಲೆ ಮತ್ತೆ ಎತ್ತಿಕೊಳ್ಳಬಹುದು. ಹಾಗಾಗಿ ಅಲ್ಲಿನ ದೊಡ್ಡ ಹೋರಾಟ ಸ್ನಾನದ ಮನೆಯ ಮೇಲಲ್ಲ, ಹುಲ್ಲಿನ ಮೇಲೆ. ಹುಲ್ಲು ತೆಗೆದವರಿಗೆ ಚದರ ಅಡಿ ಲೆಕ್ಕದಲ್ಲಿ ಹಣ ಕೊಡುತ್ತಾರೆ. ರಸ್ತೆಬದಿ, ಕಚೇರಿ ಮುಂಭಾಗದಂಥ ಕಡೆ ಬರೀ ಅಂದಕ್ಕೆ ಬೆಳೆಸಿದ ಹುಲ್ಲಿಗೆ 2026ರ ಕೊನೆಯ ನಂತರ ನದಿ ನೀರು ಹಾಕುವಂತಿಲ್ಲ ಎಂದು 2021ರಲ್ಲಿ ಕಾನೂನನ್ನೇ ತಂದರು. ಒಂದು ಚದರ ಅಡಿ ಹುಲ್ಲು ತೆಗೆದರೆ ವರ್ಷಕ್ಕೆ 55 ಗ್ಯಾಲನ್, ಅಂದರೆ 208 ಲೀಟರ್ ಉಳಿಯುತ್ತದೆ ಎಂಬುದು ಅಲ್ಲಿಯ ಜಲಮಂಡಳಿಯ ಲೆಕ್ಕ.

ಈಗ ಇದೇ ಲೆಕ್ಕ ನಿಮ್ಮಲ್ಲಿ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ 225 ಜನಕ್ಕೆ ಸುಮಾರು 30,000 ಲೀಟರ್. ಆ 135ರಲ್ಲಿ ಫ್ಲಶ್ ಪಾಲು 45, ಒಟ್ಟು 10,000 ಲೀಟರ್. ಇನ್ನು ಹುಲ್ಲು. ಮಾರ್ಚ್–ಏಪ್ರಿಲ್‌ನಲ್ಲಿ ಬೆಂಗಳೂರಿನ ಹುಲ್ಲು ದಿನಕ್ಕೆ 4ರಿಂದ 5 ಮಿ.ಮೀ. ನೀರು ಕುಡಿಯುತ್ತದೆ. 600 ಚದರ ಮೀಟರಿಗೆ 2,700 ಲೀಟರ್ ಆಯಿತು. ಸ್ಪ್ರಿಂಕ್ಲರಿನಲ್ಲಿ ಮೂರನೇ ಒಂದು ಪಾಲು ಗಾಳಿಗೆ, ಕಾಲುದಾರಿಗೆ ಹೋಗುವುದರಿಂದ ಪಂಪಿನಲ್ಲಿ ತೆಗೆಯುವುದು 4,000 ಲೀಟರ್. ಮೂರು ದಿನಕ್ಕೊಂದು 12,000 ಲೀಟರಿನ ಟ್ಯಾಂಕರ್ ಬರೀ ಹುಲ್ಲಿಗೆ. ಫ್ಲಶ್ ಮತ್ತು ಹುಲ್ಲು ಸೇರಿ ದಿನಕ್ಕೆ 14,000 ಲೀಟರ್ ಒಳ್ಳೆಯ ನೀರು ಹೋಗುತ್ತಿದೆ, ಅದೇ ಹೊತ್ತಿಗೆ ಎಸ್‌ಟಿಪಿಯಿಂದ 24,000 ಲೀಟರ್ ಚರಂಡಿಗೆ ಹರಿಯುತ್ತಿದೆ. ಮೊದಲ ದುಡ್ಡು ಎಲ್ಲಿಗೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ: ಎಸ್‌ಟಿಪಿ ಸರಿಪಡಿಸಿ ಅದರ ನೀರನ್ನು ಫ್ಲಶ್ ಮತ್ತು ತೋಟಕ್ಕೆ ತಿರುಗಿಸಿ. ಅಂದಹಾಗೆ, ತೋಟಕ್ಕೆ ಮತ್ತು ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲೇ ಆದೇಶಿಸಿದೆ.

ಗಾಳಿಯಿಂದ ನೀರು ತೆಗೆಯುವ ಯಂತ್ರವನ್ನು ದಯವಿಟ್ಟು ಕೈಬಿಡಿ. ಒಂದು ಲೀಟರಿಗೆ 0.3ರಿಂದ 0.5 ಯೂನಿಟ್ ವಿದ್ಯುತ್ ಬೇಕು, ಅದೂ ಗಾಳಿಯಲ್ಲಿ ತೇವ ಚೆನ್ನಾಗಿದ್ದಾಗ. ಯಂತ್ರದ ಮೇಲೆ ಬರೆದಿರುವ ಸಾಮರ್ಥ್ಯ ಸಾಮಾನ್ಯವಾಗಿ ಶೇ. 80ರ ಆರ್ದ್ರತೆಗೆ ಲೆಕ್ಕ ಹಾಕಿದ್ದು. ನಮ್ಮ ಮಾರ್ಚ್ ಮಧ್ಯಾಹ್ನದ ಆರ್ದ್ರತೆ 30ರ ಸುತ್ತ. ನೀರು ಬೇಕಾದ ತಿಂಗಳಲ್ಲೇ ಅದು ಅತಿ ಕಡಿಮೆ ಕೊಡುತ್ತದೆ. 1,000 ಲೀಟರಿಗೆ 300ರಿಂದ 500 ಯೂನಿಟ್ ಎಂದರೆ, ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 2,100ರಿಂದ 3,500 ರೂಪಾಯಿ. 2024ರ ಬರದಲ್ಲಿ ಜಿಲ್ಲಾಡಳಿತ ನಿಗದಿ ಮಾಡಿದ ಟ್ಯಾಂಕರ್ ದರ 5 ಕಿ.ಮೀ. ಒಳಗೆ 12,000 ಲೀಟರಿಗೆ 1,000 ರೂಪಾಯಿ; ಅಂದರೆ 1,000 ಲೀಟರಿಗೆ 83. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, 500 ಮೀಟರ್ ಎತ್ತರಕ್ಕೆ ತಳ್ಳಲು ಕೂಡ, ಎತ್ತರದ ಲೆಕ್ಕದಲ್ಲಿ, ಕಿಲೋಲೀಟರಿಗೆ 2 ಯೂನಿಟ್ಟಿನಷ್ಟು ಸಾಕು.

ಏನನ್ನೂ ಖರೀದಿಸುವ ಮೊದಲು ಒಂದು ರಾತ್ರಿಯ ಪರೀಕ್ಷೆ ಮಾಡಿ. ರಾತ್ರಿ 1 ಗಂಟೆಗೆ ಪಂಪುಗಳನ್ನೆಲ್ಲ ನಿಲ್ಲಿಸಿ, ಮೇಲಿನ ಟ್ಯಾಂಕಿನ ಮಟ್ಟವನ್ನು ಅಳತೆಪಟ್ಟಿಯಲ್ಲಿ ಗುರುತು ಮಾಡಿ, 4 ಗಂಟೆಗೆ ಮತ್ತೆ ನೋಡಿ. ಟ್ಯಾಂಕಿನ ತಳದ ವಿಸ್ತೀರ್ಣ 20 ಚದರ ಮೀಟರ್ ಇದ್ದರೆ ಪ್ರತಿ ಸೆಂಟಿಮೀಟರ್ ಇಳಿತ 200 ಲೀಟರ್. ಆ ಹೊತ್ತಿನಲ್ಲಿ 64 ಮನೆಗೆ ಗಂಟೆಗೆ 100 ಲೀಟರಿಗಿಂತ ಹೆಚ್ಚು ಹೋದರೆ ಎಲ್ಲೋ ಸೋರುತ್ತಿದೆ. ಹೆಚ್ಚಿನ ಸಲ ಅದು ಫ್ಲಶ್ ಟ್ಯಾಂಕಿನ ಕೆಳಗಿನ ರಬ್ಬರ್. ಟ್ಯಾಂಕಿಗೆ ತಿಂಡಿಗೆ ಹಾಕುವ ಬಣ್ಣ ನಾಲ್ಕು ತೊಟ್ಟು ಬಿಟ್ಟು 20 ನಿಮಿಷ ಫ್ಲಶ್ ಮಾಡದೆ ಕಾಯಿರಿ. ಕಮೋಡಿನಲ್ಲಿ ಬಣ್ಣ ಕಂಡರೆ ರಬ್ಬರ್ ಬದಲಿಸಿ.

ಗಾಳಿಗುಳ್ಳೆ:

ವಾಸನೆ ಎಸ್‌ಟಿಪಿ ನೀರಿನ ಹುಟ್ಟುಗುಣ ಅಲ್ಲ. ನಡೆಸುವ ರೀತಿ ಕೆಟ್ಟಿದೆ ಅಂತ ಅರ್ಥ. ಇಂಥ ದೂರು ಇರೋ ಕಡೆ ಮೊದಲು ಕರೆಂಟ್ ಬಿಲ್ ನೋಡಿ. ಕೊಳಚೆ ನೀರಿಗೆ ಗಾಳಿ ಊದೋ ಬ್ಲೋವರನ್ನು ರಾತ್ರಿ ಆಫ್ ಮಾಡೋ ಅಭ್ಯಾಸ ಇದ್ದೇ ಇರುತ್ತೆ. ಗಾಳಿ ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿ.ಗ್ರಾಂ ಇರಬೇಕು. ಗಂಟೆಗಟ್ಟಲೆ ಗಾಳಿ ಇಲ್ಲದೆ ಹೋದರೆ ಒಳ್ಳೇ ಬ್ಯಾಕ್ಟೀರಿಯಾ ಸತ್ತು, ಕೊಳೆತ ಮೊಟ್ಟೆಯ ವಾಸನೆ ಕೊಡೋ ಬ್ಯಾಕ್ಟೀರಿಯಾ ಮೇಲುಗೈ ಆಗುತ್ತೆ. ನಿಮ್ಮ ಒಳಹರಿವು ಕಡಿಮೆ ಅನ್ನಿಸಿದರೆ ವಿಎಫ್‌ಡಿ (ಮೋಟಾರಿನ ವೇಗ ಬದಲಿಸೋ ಸಾಧನ) ಹಾಕಿ ವೇಗ ಇಳಿಸಿ, ಅಥವಾ ಪ್ರತಿ ಗಂಟೆಯಲ್ಲೂ 40 ನಿಮಿಷ ಓಡಿ 20 ನಿಮಿಷ ನಿಲ್ಲೋ ಹಾಗೆ ಟೈಮರ್ ಇಡಿ. ಆರು ಗಂಟೆ ಒಟ್ಟಿಗೆ ನಿಲ್ಲಿಸೋದು ಮಾತ್ರ ಬೇಡ.

ದಿನಾ ಒಂದು ಪರೀಕ್ಷೆ ಆಪರೇಟರ್ ಕೈಲಿ ಮಾಡಿಸಿ, ಪುಸ್ತಕದಲ್ಲಿ ಬರೆಸಿ. ಗಾಳಿ ತೊಟ್ಟಿಯ ನೀರನ್ನು 1 ಲೀಟರಿನ ಅಳತೆ ಸಿಲಿಂಡರಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಬಿಡಬೇಕು. ಕೆಸರು 250ರಿಂದ 400 ಮಿಲಿ ಗೆರೆಯಲ್ಲಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಸರಿ. 600 ದಾಟಿದರೆ ಕೆಸರು ಹೊರಗೆ ತೆಗೀತಿಲ್ಲ ಅಂತ. 100ಕ್ಕಿಂತ ಕೆಳಗಿದ್ದರೆ ಜೀವಾಣು ಸಾಯ್ತಿವೆ; ಯಾರಾದರೂ ಆಸಿಡ್, ಫಿನಾಯಿಲ್ ಜಾಸ್ತಿ ಸುರೀತಿದ್ದಾರಾ ವಿಚಾರಿಸಿ. ಕೆಸರು ತೆಗೆಯೋದಕ್ಕೆ ದುಡ್ಡು ಉಳಿಸೋಕೆ ಹೋಗಿ ಅದು ಫಿಲ್ಟರಿಗೆ ನುಗ್ಗೋದು ಬಹಳ ಕಡೆ ನಡೆಯುತ್ತೆ. ಮರಳು, ಇದ್ದಿಲಿನ ಫಿಲ್ಟರ್ ಒಳಗೂ ಹೊರಗೂ ಒತ್ತಡದ ವ್ಯತ್ಯಾಸ 0.5 ಬಾರ್ ಆದ ಕೂಡಲೇ ಹಿಮ್ಮುಖ ತೊಳೆತ ಕೊಡಬೇಕು.

ಕ್ಲೋರಿನ್: 12,000 ಲೀಟರ್ ನೀರಿಗೆ, ಲೀಟರಿಗೆ 3 ಮಿ.ಗ್ರಾಂ ಲೆಕ್ಕದಲ್ಲಿ, ಶೇ. 10ರ ಸೋಡಿಯಂ ಹೈಪೋಕ್ಲೋರೈಟ್ 360 ಮಿಲಿ. ಅರ್ಧ ಗಂಟೆ ಆದ ಮೇಲೆ 1 ಮಿ.ಗ್ರಾಂ ಉಳಿದಿರಬೇಕು, ಅತಿ ದೂರದ ಫ್ಲಶ್‌ನಲ್ಲಿ 0.5. ಎಷ್ಟು ಸುರಿದರೂ ಉಳಿಯುತ್ತಿಲ್ಲ ಅಂದರೆ ಅಮೋನಿಯಾ ಜಾಸ್ತಿ ಇದೆ, ಅದು ಕ್ಲೋರಿನ್ ನುಂಗುತ್ತಿದೆ. ಆಗ ಕ್ಲೋರಿನ್ ಹೆಚ್ಚಿಸಬೇಡಿ, ಗಾಳಿ ಹೆಚ್ಚಿಸಿ. ಹೈಪೋ ಬಿಸಿಲಲ್ಲಿಟ್ಟರೆ ವಾರಗಳಲ್ಲೇ ಬಲ ಕಳಕೊಳ್ಳುತ್ತೆ, ನೆರಳಲ್ಲಿಡಿ, ಆರು ತಿಂಗಳ ಸ್ಟಾಕ್ ಮಾಡಬೇಡಿ. ಸಂಸ್ಕರಿಸಿದ ನೀರು ಒಂದು ದಿನಕ್ಕಿಂತ ಜಾಸ್ತಿ ತೊಟ್ಟಿಯಲ್ಲಿ ನಿಲ್ಲಬಾರದು.

ಫ್ಲಶ್ ಪೈಪಿಗೆ ಬಿಡೋ ಮೊದಲು ಮಾಡಲೇಬೇಕಾದ ಒಂದು ಕೆಲಸ ಇದೆ, ಇದನ್ನು ಯಾರೂ ಬಿಡಬೇಡಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನವೀಕರಣದ ಸಮಯದಲ್ಲಿ ಪ್ಲಂಬರ್ ಹೆಲ್ತ್ ಫಾಸೆಟ್ ಅನ್ನು ಫ್ಲಶ್ ಪೈಪಿಗೇ ಟೀ ಜಾಯಿಂಟ್ ಹಾಕಿ ಜೋಡಿಸಿರುತ್ತಾರೆ, ಹತ್ತಿರ ಸಿಗೋದು ಅದೇ ಪೈಪ್ ಅಂತ. ಫ್ಲಶ್ ಲೈನಿನ ಮುಖ್ಯ ವಾಲ್ವ್ ಮುಚ್ಚಿ, 64 ಮನೆಯ ಪ್ರತಿ ಬಾತ್‌ರೂಮಿನಲ್ಲೂ ಎಲ್ಲ ನಲ್ಲಿ, ಹೆಲ್ತ್ ಫಾಸೆಟ್ ತೆರೆದು ನೋಡಿ. ನೀರು ನಿಂತ ಕಡೆ ತಪ್ಪು ಜೋಡಣೆ ಇದೆ. ಬೋರ್ ನೀರು ಬೆರೆಸೋ ವ್ಯವಸ್ಥೆ ಬೇಕೆಂದರೆ ವಾಲ್ವ್ ನಂಬಬೇಡಿ. ಬೋರ್ ಪೈಪಿನ ಬಾಯಿ ಫ್ಲಶ್ ನೀರಿನ ದೊಡ್ಡ ಟ್ಯಾಂಕಿನ ಓವರ್‌ಫ್ಲೋ ಮಟ್ಟಕ್ಕಿಂತ ಕನಿಷ್ಠ 150 ಮಿ.ಮೀ. ಮೇಲೆ, ಗಾಳಿಯಲ್ಲೇ ನಿಲ್ಲಬೇಕು. ಅಮೆರಿಕದ ಹಲವು ಕಡೆ ಮರುಬಳಕೆ ನೀರಿನ ಪೈಪಿಗೆ ನೇರಳೆ ಬಣ್ಣ ಕಡ್ಡಾಯ ಮಾಡಿರೋದು ಇದೇ ಭಯಕ್ಕೆ. ನಿಮ್ಮಲ್ಲೂ ಷಾಫ್ಟ್‌ನಲ್ಲಿ ಕಾಣೋ ಪೈಪಿಗೆಲ್ಲ ನೇರಳೆ ಬಣ್ಣ ಬಳಿಸಿ, ಖರ್ಚು ಅಂತಹದ್ದೇನಿಲ್ಲ.

ಸಮಿತಿ64:

ಉಪಕಾರವಾಯಿತು. ಎರಡು ಅನುಮಾನ. ಆಫ್ರಿಕಾದ ವಿಂಡ್‌ಹುಕ್‌ನಲ್ಲಿ ಕೊಳಚೆ ನೀರನ್ನು ಶುದ್ಧ ಮಾಡಿ ಕುಡಿಯುತ್ತಾರೆ ಎನ್ನುತ್ತಾರೆ. ಹಾಗಾದರೆ ಮಿಕ್ಕ 10,000 ಲೀಟರಿಗೆ ಅಲ್ಟ್ರಾಫಿಲ್ಟರ್ (ಅತಿ ಸೂಕ್ಷ್ಮ ರಂಧ್ರದ ಜರಡಿ) ಹಾಕಿ ಸ್ನಾನಕ್ಕೆ ಕೊಡಬಹುದೇ? ಮತ್ತೆ ಮತ್ತೆ ತಿರುಗಿಸಿದರೆ ಟಿಡಿಎಸ್ ಏರುತ್ತಲೇ ಹೋಗುವುದಿಲ್ಲವೇ?

ಜಲಲೆಕ್ಕ:

ವಿಂಡ್‌ಹುಕ್ 1968ರಿಂದ ಈ ಕೆಲಸ ಮಾಡುತ್ತಿದೆ. 2002ರಲ್ಲಿ ಕಟ್ಟಿದ ಹೊಸ ಗೊರೆಯಾಂಗಾಬ್ ಸ್ಥಾವರದ ಸಾಮರ್ಥ್ಯ ದಿನಕ್ಕೆ 2.1 ಕೋಟಿ ಲೀಟರ್. ಆದರೆ ಅಲ್ಲಿ ಕಾರ್ಖಾನೆಗಳ ಕೊಳಚೆಯನ್ನು ಮೊದಲೇ ಬೇರೆ ಕಾಲುವೆಗೆ ತಿರುಗಿಸುತ್ತಾರೆ. ಆಮೇಲೆ ಓಜೋನ್, ಇದ್ದಿಲು, ಅಲ್ಟ್ರಾಫಿಲ್ಟರ್, ಕ್ಲೋರಿನ್ ಹೀಗೆ ಒಂದು ಸೋತರೆ ಇನ್ನೊಂದು ಹಿಡಿಯುವಂತೆ ಹಲವು ತಡೆಗಳು. ಬಂದ ನೀರನ್ನು ಬೇರೆ ಮೂಲದ ನೀರಿಗೆ ಬೆರೆಸಿಯೇ ಊರಿಗೆ ಕೊಡುವುದು. ನೀರು ಪರೀಕ್ಷಿಸಲು ಪ್ರಯೋಗಾಲಯ ಇದೆ. ಸಂಜೆ ಆಪರೇಟರ್ ಮನೆಗೆ ಹೋಗುವ 64 ಮನೆಗಳ ಎಸ್‌ಟಿಪಿಯಲ್ಲಿ ಇದನ್ನು ಅನುಕರಿಸಬೇಡಿ. ಸ್ನಾನದ ನೀರು ಬಾಯಿಗೆ ಹೋಗುತ್ತದೆ, ಮಕ್ಕಳ ಬಾಯಿಗೆ ಖಂಡಿತ ಹೋಗುತ್ತದೆ. ಮಿಕ್ಕದ್ದನ್ನು ಪಾರ್ಕಿಂಗ್ ತೊಳೆಯಲು, ಕಾರಿಗೆ, ಹತ್ತಿರದ ಕಟ್ಟಡ ಕಾಮಗಾರಿಗೆ ಕೊಡಿ.

ಟಿಡಿಎಸ್ ಏರುತ್ತದೆ, ಆದರೆ ಒಂದು ಕಡೆ ನಿಲ್ಲುತ್ತದೆ. ಮನೆಬಳಕೆ ಒಂದು ಸುತ್ತಿಗೆ ಲೀಟರಿಗೆ 300 ಮಿ.ಗ್ರಾಂ ಉಪ್ಪು ಸೇರಿಸುತ್ತದೆ ಎಂದುಕೊಳ್ಳಿ. ನಿಮ್ಮಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಮರಳಿ ಬರುವ ನೀರು, ಎರಡು ಪಾಲು 800ರ ಬೋರ್ ನೀರು. ಲೆಕ್ಕ ಮಾಡಿದರೆ ಎಸ್‌ಟಿಪಿಯಿಂದ ಹೊರಬರುವ ನೀರು 1,250ರ ಹತ್ತಿರ ನಿಂತುಬಿಡುತ್ತದೆ. ಫ್ಲಶ್‌ಗೆ ಏನೂ ತೊಂದರೆಯಿಲ್ಲ, ಗಟ್ಟಿ ಗಿಡಗಳಿಗೂ ಪರವಾಗಿಲ್ಲ. ಇದನ್ನು ಕೆಡಿಸುವುದು ನೀರು ಮೆದು ಮಾಡುವ ಸಾಫ್ಟ್‌ನರ್. ಅದನ್ನು ತೊಳೆಯುವ ಉಪ್ಪುನೀರು ಎಸ್‌ಟಿಪಿಗೆ ಹೋದರೆ ಟಿಡಿಎಸ್ 2,000 ದಾಟಬಹುದು, ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ, ಎಲೆಯ ಅಂಚು ಸುಡುತ್ತದೆ. ಆ ಪೈಪನ್ನು ಬೇರ್ಪಡಿಸಿ. ಆರ್‌ಒ ಯಂತ್ರ ಬಿಡುವ ನೀರು ಹಾಗಲ್ಲ, ಅದರಲ್ಲಿರುವುದು ಮೊದಲೇ ಇದ್ದ ಉಪ್ಪು. ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು ಬಳಸಿದರೆ ಸಾಕು.

ತೆರೆದಬಾವಿ:

ಟಾಂಕಾ ಮತ್ತು ಇಂಗುಬಾವಿಯ ಬಗ್ಗೆ ಯಾರೂ ಹೇಳಲಿಲ್ಲ.

ಟಾಂಕಾ ಮರುಭೂಮಿಯ ಮಳೆಗೆ ಹುಟ್ಟಿದ್ದು. ಅಲ್ಲಿ ಕೆಲವೇ ಮಳೆಯಲ್ಲಿ ತುಂಬಿಕೊಂಡದ್ದು ಮುಂದಿನ ಮಳೆಗಾಲದವರೆಗೆ ಬರಬೇಕು. ಜೋಧ್‌ಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ರೂಪಿಸಿದ ಟಾಂಕಾ 21,000 ಲೀಟರಿನದು. ಆರು ಜನರ ಕುಟುಂಬಕ್ಕೆ ವರ್ಷದ ಕುಡಿಯುವ ಮತ್ತು ಅಡುಗೆಯ ನೀರು, ಅಷ್ಟೇ. ಬೆಂಗಳೂರಿನ ಮಳೆಯ ಗುಣ ಬೇರೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಹಂಚಿಕೊಂಡು ಬರುತ್ತದೆ. ಇಲ್ಲಿ ತೊಟ್ಟಿ ದೊಡ್ಡದಾಗುವುದಕ್ಕಿಂತ ಪದೇ ಪದೇ ಖಾಲಿಯಾಗುವುದು ಮುಖ್ಯ. ನಿಮ್ಮ ತಾರಸಿಯಲ್ಲಿ 30 ಮಿ.ಮೀ.ನ ಒಂದು ಮಳೆಗೆ ಸುಮಾರು 35,000 ಲೀಟರ್ ಸಿಗುತ್ತದೆ, ಇಡೀ ಸಂಕೀರ್ಣದ ಒಂದು ದಿನದ ನೀರು. 3 ಲಕ್ಷದ ತೊಟ್ಟಿ ತುಂಬಲು 250 ಮಿ.ಮೀ. ಮಳೆ ಬೇಕು, ಅಷ್ಟರಲ್ಲಿ ನೀವು ಬಳಸಿಬಿಟ್ಟಿರುತ್ತೀರಿ. ಆ ಕಾಂಕ್ರೀಟಿನ ಬಹುಭಾಗ ವರ್ಷವಿಡೀ ಒಣಗಿ ನಿಲ್ಲುತ್ತದೆ.

ಇರುವ 1 ಲಕ್ಷದ ಸಂಪನ್ನೇ ಬಳಸಿ. ಏಪ್ರಿಲ್–ನವೆಂಬರ್ ಅವಧಿಯಲ್ಲಿ ಬೋರ್ ಪಂಪಿನ ಫ್ಲೋಟ್ ಸ್ವಿಚ್ಚನ್ನು ಶೇ. 40ಕ್ಕೆ ಇಳಿಸಿ. ಮೇಲಿನ 60,000 ಲೀಟರ್ ಜಾಗ ಮಳೆಗೆ ಮೀಸಲು. ಎಲೆಕ್ಟ್ರಿಷಿಯನ್ನಿನ ಅರ್ಧ ದಿನದ ಕೆಲಸ ಇದು. ಸಂಪು ತುಂಬಿಸಿಟ್ಟುಕೊಂಡು ಮಲಗುವ ಅಭ್ಯಾಸದಿಂದ ನಮ್ಮ ಊರಿನಲ್ಲಿ ಎಷ್ಟು ಮಳೆನೀರು ಓವರ್‌ಫ್ಲೋ ಪೈಪಿನಲ್ಲಿ ಹೋಗುತ್ತಿದೆ ಎಂದು ನೆನೆದರೆ ಸಂಕಟವಾಗುತ್ತದೆ.

ಮೊದಲ ಮಳೆಯ ಕೊಳೆ ಬಿಡಲು ತಾರಸಿಯ ಮೇಲೆ 1 ಮಿ.ಮೀ. ಲೆಕ್ಕ: 1,400 ಲೀಟರ್. ಇಳಿಕೆ ಪೈಪುಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ 500 ಲೀಟರಿನ ಟ್ಯಾಂಕ್ ಇಟ್ಟು, ತಳದಲ್ಲಿ 4 ಮಿ.ಮೀ. ತೂತು ಬಿಡಿ. ಮುಂದಿನ ಮಳೆಯ ಹೊತ್ತಿಗೆ ತಾನೇ ಖಾಲಿಯಾಗಿರುತ್ತದೆ. ಬರೀ 110 ಮಿ.ಮೀ. ಪೈಪಿನ ತುಂಡನ್ನು ಮೊದಲ ಮಳೆಗೆ ಇಡುವವರಿದ್ದಾರೆ; ಅದರಲ್ಲಿ ಮೀಟರಿಗೆ 8–9 ಲೀಟರ್ ಮಾತ್ರ ಹಿಡಿಯುತ್ತದೆ, ಏನಕ್ಕೂ ಸಾಲದು.

ಇಂಗುಬಾವಿ ತೋಡಿ, ಆದರೆ ಅದು ನಿಮ್ಮ 1,100 ಅಡಿಯ ಬೋರನ್ನು ತುಂಬುತ್ತದೆ ಎಂದು ಸಭೆಯಲ್ಲಿ ಮಾತು ಕೊಡಬೇಡಿ. ಬೋರಿನ ಕೇಸಿಂಗ್ ಪೈಪ್ ಮೇಲಿನ ಸಡಿಲ ಮಣ್ಣು, ಕೊಳೆತ ಕಲ್ಲಿನ ಪದರವನ್ನು ಮುಚ್ಚಿಬಿಟ್ಟಿರುತ್ತದೆ. ಆಳದ ಬಿರುಕಿಗೆ ನೀರು ಎಲ್ಲಿಂದ, ಎಷ್ಟು ವರ್ಷಕ್ಕೆ ಬರುತ್ತದೆ ಎಂಬುದು ಬಂಡೆಯ ಮರ್ಜಿ. ಇಂಗಿದ ನೀರು ಸಿಗುವುದು ಮೇಲಿನ ಪದರದಲ್ಲಿ. ಅದನ್ನು ಎತ್ತಲು ಅದೇ ಆವರಣದಲ್ಲಿ 30–40 ಅಡಿಯ ಒಂದು ತೆರೆದ ಬಾವಿಯನ್ನೂ ತೋಡಿಸಿ. ಇಂಗುಬಾವಿ 3 ಅಡಿ ಅಗಲ, 20 ಅಡಿ ಆಳ, ರಿಂಗ್‌ಗಳ ಸಂದಿಗೆ ಸಿಮೆಂಟ್ ಮೆತ್ತಬಾರದು, ಹೊರಸುತ್ತಿಗೆ 40 ಮಿ.ಮೀ. ಜಲ್ಲಿ, ತಳಕ್ಕೆ ಕಾಂಕ್ರೀಟ್ ಬೇಡ. ಮುಂದೆ ಹೂಳುಗುಂಡಿ ಇರಲೇಬೇಕು. ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ತಳ ಕೆಸರು ಕಟ್ಟಿ ಇಂಗುವುದೇ ನಿಲ್ಲುತ್ತದೆ. ಎಸ್‌ಟಿಪಿ ನೀರನ್ನು, ಪಾರ್ಕಿಂಗಿನ ಎಣ್ಣೆನೀರನ್ನು ಇದಕ್ಕೆ ಬಿಡಲೇಬಾರದು. ತೋಡುವ ಕೆಲಸಕ್ಕೆ ಮಣ್ಣೊಡ್ಡರನ್ನು ಕರೆಯಿರಿ. ಯಾವ ಅಡಿಯಲ್ಲಿ ಮಣ್ಣಿನ ಬಣ್ಣ ತಿರುಗಿತು, ಎಲ್ಲಿ ನಿಲ್ಲಿಸಬೇಕು ಎಂಬುದು ಯಂತ್ರಕ್ಕಿಂತ ಅವರ ಕೈಗೆ ಚೆನ್ನಾಗಿ ಗೊತ್ತು.

ಕಾವೇರಿ ಬಂದ ಮೇಲೂ ಆ ಬಾವಿಯಿಂದ ನೀರೆತ್ತುತ್ತಿರಿ. ಜೋಧ್‌ಪುರಕ್ಕೆ ಇಂದಿರಾ ಗಾಂಧಿ ಕಾಲುವೆಯ ನೀರು ಬಂದ ಮೇಲೆ ಜನ ಹಳೆಯ ಬಾವಡಿಗಳ (ಮೆಟ್ಟಿಲುಬಾವಿಗಳ) ಕಡೆ ತಿರುಗಿ ನೋಡಲಿಲ್ಲ. ಎತ್ತುವವರಿಲ್ಲದೆ ಅಂತರ್ಜಲ ಏರಿ, ಮರುಭೂಮಿಯ ಊರಿನ ನೆಲಮಾಳಿಗೆಗಳಲ್ಲೇ ನೀರು ಒಸರತೊಡಗಿತು.

ಹೊಂಗೆನೆರಳು:

ಹುಲ್ಲು ತೆಗೆಯುವುದು ಸರಿ, ಕಾಂಕ್ರೀಟ್ ಬ್ಲಾಕ್ ಬೇಡ. ಇಂಗುವ ನೆಲ ಹೋಗುತ್ತದೆ, ಬಿಸಿಯೂ ಏರುತ್ತದೆ. ಇನ್ನೊಂದು ಅಪಾಯ: ಹುಲ್ಲಿನ ನಡುವೆ ಮರಗಳಿದ್ದರೆ ಅವು ವರ್ಷಗಳಿಂದ ಹುಲ್ಲಿಗೆ ಹಾಕಿದ ನೀರನ್ನೇ ಕುಡಿದು ಬೇರನ್ನು ಮೇಲೇ ಹರಡಿಕೊಂಡಿರುತ್ತವೆ. ಒಮ್ಮೆಗೇ ನೀರು ನಿಲ್ಲಿಸಿದರೆ ಮರ ಒಣಗುತ್ತದೆ. ಮೊದಲು ಮರಗಳಿಗೆ ಹನಿ ನೀರಾವರಿ, ಆಮೇಲೆ ಹುಲ್ಲಿಗೆ ಕೈ. 16 ಮಿ.ಮೀ. ಪೈಪನ್ನು ಕಾಂಡಕ್ಕೆ ತಾಗಿಸದೆ, ಕೊಂಬೆಯ ನೆರಳಿನ ಅಂಚಿನಲ್ಲಿ ಸುತ್ತಿಸಿ, ಗಂಟೆಗೆ 4 ಲೀಟರಿನ ತೊಟ್ಟಿಕ್ಕುಗಳನ್ನು ಮರಕ್ಕೆ ಎಂಟರಂತೆ ಹಾಕಿ. ವಾರಕ್ಕೆರಡು ಸಲ ಮೂರು ಗಂಟೆ ಬಿಟ್ಟರೆ ನೀರು ಆಳಕ್ಕಿಳಿಯುತ್ತದೆ. ದಿನಾ ಹತ್ತು ನಿಮಿಷ ಬಿಟ್ಟರೆ ಬೇರು ಮತ್ತೆ ಮೇಲೇ ಉಳಿಯುತ್ತದೆ.

ಎಸ್‌ಟಿಪಿ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾರಿಸಬೇಡಿ, ಸಣ್ಣ ಹನಿ ಉಸಿರಿಗೆ ಹೋಗುತ್ತದೆ. ಹನಿ ಪೈಪಿಗೆ 120 ಮೆಷ್‌ನ ಡಿಸ್ಕ್ ಫಿಲ್ಟರ್ ಹಾಕಿ, ತಿಂಗಳಿಗೊಮ್ಮೆ ಪೈಪಿನ ತುದಿ ಬಿಚ್ಚಿ ನೀರು ರಭಸವಾಗಿ ಹರಿಯಬಿಡಿ, ಇಲ್ಲದಿದ್ದರೆ ಲೋಳೆ ಕಟ್ಟಿಕೊಳ್ಳುತ್ತದೆ. ಖಾಲಿಯಾದ ನೆಲಕ್ಕೆ ನಿತ್ಯಪುಷ್ಪ, ಲೋಳೆಸರ, ದಾಸವಾಳ ಹಾಕಿ, ಒಣ ಎಲೆಯನ್ನು 3–4 ಅಂಗುಲ ದಪ್ಪ ಹೊದಿಸಿ. ಕಣಗಿಲೆ ಬರ ತಡೆಯುತ್ತದೆ, ಆದರೆ ವಿಷ. ಮಕ್ಕಳು ಆಡುವ ಕಡೆ ಬೇಡ. ನೆಡುವುದನ್ನು ಜೂನ್‌ಗೆ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ನೆಟ್ಟ ಗಿಡ ಬೇರೂರಲು ಕೇಳುವ ನೀರು ಹುಲ್ಲಿನದಕ್ಕಿಂತ ಕಡಿಮೆಯೇನಲ್ಲ.

ಸಮಿತಿ64:

ಯಂತ್ರದ ಪ್ರಸ್ತಾವ ತೆಗೆದುಹಾಕುತ್ತೇವೆ. ಕೊನೆಯದೊಂದು: ಎಲ್ಲ ನಲ್ಲಿಗೂ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಹಾಕಿಸಿದೆವು. 8ನೇ ಅಂತಸ್ತಿನವರು ನೀರೇ ಬರುತ್ತಿಲ್ಲ ಎನ್ನುತ್ತಿದ್ದಾರೆ, ಕೆಳಗಿನವರಿಗೆ ವ್ಯತ್ಯಾಸವೇ ಗೊತ್ತಾಗಿಲ್ಲ.

ಜಲಲೆಕ್ಕ:

8ನೇ ಅಂತಸ್ತಿಗೆ ಟ್ಯಾಂಕ್ ನಾಲ್ಕೈದು ಮೀಟರ್ ಮೇಲಿದೆ, ಒತ್ತಡ 0.4–0.5 ಬಾರ್ ಅಷ್ಟೇ. ನಿಮಿಷಕ್ಕೆ 3 ಲೀಟರಿನ ಸಾಮಾನ್ಯ ಏರೇಟರ್ ಸರಿಯಾಗಿ ಕೆಲಸ ಮಾಡಲು 1 ಬಾರ್ ಬೇಕು. ಮೇಲಿನ ಎರಡು ಅಂತಸ್ತಿಗೆ ಕಡಿಮೆ ಒತ್ತಡದ್ದು ಹಾಕಿ, ಅಥವಾ ತೆಗೆದೇಬಿಡಿ. ಅಲ್ಲಿ ಹರಿವು ಮೊದಲೇ ಕಡಿಮೆ. ಕೆಳಗಿನ ಮೂರು ಅಂತಸ್ತಿನ ಇಳಿಕೆ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಇಟ್ಟು 1.5 ಬಾರ್‌ಗೆ ಹೊಂದಿಸಿ. ಬಕೆಟ್ ತುಂಬುವ ನಲ್ಲಿಗೆ ಏರೇಟರ್ ದಂಡ, ಬಕೆಟ್ ಅಷ್ಟೇ ನೀರು ಹಿಡಿಯುತ್ತದೆ. ಕೈ ತೊಳೆಯುವ, ಪಾತ್ರೆ ತೊಳೆಯುವ ನಲ್ಲಿಗೆ ಮಾತ್ರ ಇಡಿ. ನಿಮ್ಮ ಗಡಸು ನೀರಿಗೆ ಎರಡು ತಿಂಗಳಲ್ಲಿ ಜಾಲರಿ ಕಟ್ಟುತ್ತದೆ, ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ.